ನಾನು ಕತ್ತರಿಸಿದ ಮುಖಪುಟ

ನನ್ನ ಮೊಮ್ಮಗಳು ಶರಣಮ್ಮ ಮಾಡಿದ ಚಿತ್ರ ಕಲಬುರಗಿಯ ಮಾಸಪತ್ರಿಕೆಯೊಂದರ ವಿಶೇಷಾಂಕಕ್ಕೆ ಮುಖಪುಟವಾಗಿ ಬಂದಿದೆ. ಒಳಗೆ ಇನ್ನೂ ಎಷ್ಟೋ ಪುಟಗಳ ತುಂಬ ಅವಳವೇ ಚಿತ್ರಗಳು. ಪ್ರತಿಯೊಂದರ ಕೆಳಗೆ ಅವಳ ಹೆಸರು, ಹೆಸರಿನ ಪಕ್ಕಕ್ಕೆ ಶಹಾಪುರ ಅಂತ ಊರಿನ ಹೆಸರು. ಇವತ್ತು ಮುಂಜಾನೆ ಬಸ್ಸಿನಲ್ಲಿ ಬಂದ ಕಟ್ಟು ಬಿಚ್ಚಿದಾಗಿನಿಂದ ನಾನು ಒಂದು ಕಡೆ ಕುಳಿತಿಲ್ಲ. ಒಂದು ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದ ತನಕ ಹೋಗಿ ಕಂಡಕಂಡವರಿಗೆ ತೋರಿಸಿ ಬಂದೆ. ಸುರಪುರದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಒಬ್ಬ ಅಪರಿಚಿತನಿಗೂ ತೋರಿಸಿದೆ. ಅವನು ಚಿತ್ರ ನೋಡಿದ, ನನ್ನ ಮುಖ ನೋಡಿದ, ಬಸ್ಸಿನ ಹೊತ್ತನ್ನು ಬೇರೆ ಯಾರನ್ನೋ ಕೇಳಲು ಹೋದ. ನನಗೇನೂ ಬೇಸರವಾಗಲಿಲ್ಲ. ಅವನು ಹೋದ ದಿಕ್ಕಿಗೆ ಪುಸ್ತಕ ಎತ್ತಿ ಹಿಡಿದು ಇನ್ನೊಮ್ಮೆ ತೋರಿಸಿದೆ.

ಪೇಡೆ ಹಂಚಿದ್ದಾಯಿತು. ಹಂಚಿ ಉಳಿದದ್ದನ್ನು ನಾನೇ ತಿಂದೆ. ಸಕ್ಕರೆ ಕಾಯಿಲೆ ಇದೆ, ಆದರೆ ಅದಕ್ಕೂ ಇವತ್ತು ಒಂದು ದಿನ ರಜೆ ಇರಲಿ ಅಂದುಕೊಂಡೆ.

ಈಗ ನೀವು ಕೇಳುತ್ತೀರಿ, ಚಿತ್ರ ಯಾವುದರದ್ದು, ದೇವರದ್ದೋ, ಊರಿನದ್ದೋ, ಹೆಣ್ಣುಮಗಳದ್ದೋ ಅಂತ. ಎಲ್ಲರೂ ಅದನ್ನೇ ಕೇಳುತ್ತಾರೆ. ಈ ಥರದ ಚಿತ್ರಕ್ಕೆ ಫ್ರ್ಯಾಕ್ಟಲ್ ಅನ್ನುತ್ತಾರೆ. ಅದು ಯಾರದ್ದೂ ಅಲ್ಲ, ಒಂದು ಲೆಕ್ಕದ್ದು. ಶರಣಮ್ಮ ಕಂಪ್ಯೂಟರಿಗೆ ಒಂದು ಲೆಕ್ಕ ಬರೆದುಕೊಡುತ್ತಾಳೆ. ಅದು ಬಿಡಿಸುತ್ತದೆ. ಬಂದ ಉತ್ತರವನ್ನು ಮತ್ತೆ ಅದೇ ಲೆಕ್ಕದೊಳಗೆ ಹಾಕುತ್ತದೆ. ಮತ್ತೆ ಬಂದದ್ದನ್ನು ಮತ್ತೆ ಹಾಕುತ್ತದೆ. ಹೀಗೆ ಹಾಕುತ್ತ ಹೋದಾಗ ಉತ್ತರ ಕೈಗೆ ಸಿಗದೆ ಓಡಿಹೋದರೆ ಆ ಚುಕ್ಕೆಗೆ ಒಂದು ಬಣ್ಣ, ಓಡದೆ ಅಲ್ಲೇ ಸುತ್ತುತ್ತ ಕುಳಿತರೆ ಕಪ್ಪು. ಇಂಥ ಚುಕ್ಕೆಗಳೆಲ್ಲ ಕೂಡಿ ಚಿತ್ರ. ಅದರ ಒಂದು ಮೂಲೆಯನ್ನು ದೊಡ್ಡದು ಮಾಡಿ ನೋಡಿದರೆ ಮೊದಲಿನ ಚಿತ್ರವೇ ಮತ್ತೆ ಪುಟ್ಟದಾಗಿ ಕುಳಿತಿರುತ್ತದೆ. ಆ ಪುಟ್ಟದ್ದರ ಮೂಲೆಯಲ್ಲಿ ಇನ್ನೂ ಪುಟ್ಟದ್ದು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆಗ ನನಗೆ ಬಂದ ಉತ್ತರವನ್ನು ಮಾಸ್ತರರು ಒಂದು ಸಲ ಒಪ್ಪಿಕೊಂಡರೆ ಸಾಕಾಗಿತ್ತು. ಅದನ್ನು ತಿರುಗಿ ಲೆಕ್ಕದೊಳಗೆ ಹಾಕುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಾಲ್ಕನೆಯ ಇಯತ್ತೆಗೇ ಯಾಕೆ ನಿಂತಿತು ಅಂದರೆ ಕನ್ನಡಿಯಿಂದ. ನನ್ನ ಅಪ್ಪನದು ಸುರಪುರದಲ್ಲಿ ಕನ್ನಡಿ ಮತ್ತು ಕಟ್ಟಿನ ಅಂಗಡಿ. ಕಟ್ಟು ಅಂದರೆ ಫೋಟೋಗಳಿಗೆ ಹಾಕುವ ಚೌಕಟ್ಟು. ಅಪ್ಪ ಯಾದಗಿರಿಯ ರೈಲು ನಿಲ್ದಾಣಕ್ಕೆ ಹೋಗಿ ಕನ್ನಡಿ ಮತ್ತು ಗಾಜಿನ ಹಾಳೆಗಳನ್ನು ಬಿಡಿಸಿಕೊಂಡು, ಹುಲ್ಲು ಇಟ್ಟು ಗೋಣಿತಾಟು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲಿಸಿಕೊಂಡು ತರುತ್ತಿದ್ದ. ಬಸ್ಸು ತಗ್ಗಿಗೆ ಇಳಿದಾಗೊಮ್ಮೆ ಇಡೀ ಬಸ್ಸಿನ ಮಂದಿ ಅಪ್ಪನ ಕಡೆ ನೋಡಿ ಉಸಿರು ಹಿಡಿಯುತ್ತಿದ್ದರಂತೆ. ಇಳಿದು ನಡೆದು ಬರುವಾಗ ದಿನ ತುಂಬಿದ ಬಸುರಿಗೆ ಬಿಡುವ ಹಾಗೆ ದಾರಿ ಬಿಡುತ್ತಿದ್ದರು. ಹಾಗೆ ಬಂದ ಕನ್ನಡಿಗಳನ್ನು ಅಂಗಡಿಯ ಎರಡೂ ಗೋಡೆಗೆ ಎದುರುಬದುರು ಒರಗಿಸಿ ಇಡುತ್ತಿದ್ದ. ನಡುವೆ ನಾನು ನಿಂತರೆ ಆ ಕಡೆಗೂ ನಾನೇ, ಈ ಕಡೆಗೂ ನಾನೇ, ಒಬ್ಬರ ಹಿಂದೆ ಒಬ್ಬರು, ದೂರಕ್ಕೆ ಹೋದಂತೆ ಸಣ್ಣವರಾಗುತ್ತ ಕೊನೆಗೆ ಸಾಸಿವೆಯಷ್ಟು. ಸಾಲೆಯ ಗಂಟೆ ಹೊಡೆದರೂ ನಾನು ಕೈ ಎತ್ತುವುದು, ಅವರೆಲ್ಲ ಕೈ ಎತ್ತುವುದು, ಇದೇ ಆಟ. ಒಂದು ದಿನ ಅಪ್ಪ ನನ್ನ ಕಿವಿ ಹಿಡಿದು, "ಅಷ್ಟೂ ಮಂದಿ ಕೂಡೇ ಸಾಲಿಗಿ ನಡೀರಿ" ಅಂದ. ಅವರ್ಯಾರೂ ಹೋಗಲಿಲ್ಲ. ನಾನೊಬ್ಬನೇ ಯಾಕೆ ಹೋಗಲಿ ಅಂತ ನಾನೂ ಬಿಟ್ಟೆ.

ಮದುವೆಯಾದ ಮೇಲೆ ಶಹಾಪುರಕ್ಕೆ ಬಂದು ನನ್ನದೇ ಅಂಗಡಿ ಹಾಕಿದೆ. ನಮ್ಮ ವ್ಯಾಪಾರದಲ್ಲಿ ಎರಡು ಗೋಡೆ ಬಹಳ ಮುಖ್ಯ. ಒಂದು ದೇವರ ಗೋಡೆ, ಇನ್ನೊಂದು ತೀರಿಕೊಂಡವರ ಗೋಡೆ. ಇವು ಕೂಡಬಾರದು. ತೀರಿಕೊಂಡವರ ನಡುವೆ ದೇವರನ್ನು ತೂಗುಹಾಕಿದರೆ ಗಿರಾಕಿ ಸಿಟ್ಟಾಗುತ್ತಾನೆ, ದೇವರ ನಡುವೆ ತೀರಿಕೊಂಡವರನ್ನು ಹಾಕಿದರೆ ಅವರ ಸೊಸೆಯಂದಿರು ಸಿಟ್ಟಾಗುತ್ತಾರೆ. ಹೀಗೆ ಎಲ್ಲ ಸರಿಯಾಗಿ ನಡೆದುಕೊಂಡು ಬರುತ್ತಿರುವಾಗ ಶರಣಮ್ಮ ತನ್ನ ಮೊದಲನೆಯ ಬಣ್ಣದ ಚಿತ್ರ ತಂದು, ಇದಕ್ಕೆ ಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕು ಅಂದಳು. ನೀಲಿಯೊಳಗೆ ಹಳದಿ, ಹಳದಿಯೊಳಗೆ ಮತ್ತೆ ನೀಲಿ, ಸುರುಳಿ ಸುರುಳಿ. ಇಲ್ಲ ಅನ್ನಲಿಕ್ಕೆ ನನಗೆ ಬಾಯಿಯೇ ಇಲ್ಲ. ಅವಳಿಗೆ ನನ್ನ ಅವ್ವನ ಹೆಸರು ಇಟ್ಟಿದ್ದೇವೆ. ಅವ್ವನ ಹೆಸರಿನವಳನ್ನು ಗದರಿಸುವುದಾದರೂ ಹೇಗೆ? ತೊಟ್ಟಿಲಲ್ಲಿ ಇದ್ದಾಗಲೂ ಅವಳನ್ನು ಯವ್ವ ಅಂತಲೇ ಕರೆದವನು ನಾನು. ಅದಕ್ಕೆ ಎರಡೂ ಗೋಡೆ ಕೂಡುವ ಮೂಲೆಯಲ್ಲಿ, ದೇವರಿಗೂ ಬೇಡ ತೀರಿಕೊಂಡವರಿಗೂ ಬೇಡ ಅನ್ನುವಂಥ ಜಾಗದಲ್ಲಿ ತೂಗುಹಾಕಿದೆ.

ಆವತ್ತಿನಿಂದ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಕೊಡೇಕಲ್ಲಿನಿಂದ ಬಂದ ಒಬ್ಬ ಮುದುಕಿ ಯಾವುದಕ್ಕೂ ಇರಲಿ ಅಂತ ಅದಕ್ಕೊಂದು ಕೈ ಮುಗಿದಳು. ಹತ್ತಿಕುಣಿಯ ರೈತನೊಬ್ಬ ತನ್ನ ತಂದೆಯ ಫೋಟೋ ಒಯ್ಯಲು ಬಂದವನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ಯಾರ ಹೊಟ್ಟೀದ್ರಿ ಇದು? ಡಾಕ್ಟರ್ ಏನಂದ್ರು?" ಅಂತ ಕೇಳಿದ. ದವಾಖಾನೆಯಲ್ಲಿ ತೆಗೆಯುವ ಸ್ಕ್ಯಾನಿಂಗ್ ಅಂದುಕೊಂಡಿದ್ದ. ಎದುರಿನ ಗಡಿಯಾರದ ಅಂಗಡಿಯ ಖಾಜಾಸಾಬ್ ನನ್ನ ಹಳೆಯ ಗೆಳೆಯ, ಅವನ ನಾಲಿಗೆಗೆ ಎಲುಬಿಲ್ಲ. ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಾಮಾ, ಇದು ಗೋಬಿ ನೋಡು. ಪಕ್ಕಾ ಹೂಕೋಸು. ಹಳದೀದು ಜರಾ ಕೆಟ್ಟದ" ಅಂದ. ನಮ್ಮ ಊರಿನವರಿಗೆ ಕಣ್ಣಿಲ್ಲ ಅನ್ನುವ ಹಾಗೂ ಇಲ್ಲ. ಊರ ಪಕ್ಕದ ಬೆಟ್ಟದಲ್ಲಿ ಬುದ್ಧ ಮಲಗಿದ್ದಾನೆ ಅಂತ ಹೊರಗಿನವರನ್ನು ನಿಲ್ಲಿಸಿ, ಅದು ಮೂಗು, ಅದು ಎದೆ ಅಂತ ಬೆರಳು ಮಾಡಿ ತೋರಿಸುವವರು ಇವರೇ. ಅಷ್ಟು ದೊಡ್ಡ ಕಲ್ಲಿನಲ್ಲಿ ಮೂಗು ಕಾಣುವವರಿಗೆ ಇಷ್ಟಗಲ ಕಾಗದದಲ್ಲಿ ಹೂಕೋಸು ಬಿಟ್ಟು ಬೇರೇನೂ ಕಾಣಲಿಲ್ಲ.

ಊರಿನವರು ನಕ್ಕರೆ ಶರಣಮ್ಮನೂ ನಗುತ್ತಿದ್ದಳು. ಅವಳಿಗೆ ನೋವಾದದ್ದು ಪತ್ರಿಕೆಯವರಿಂದ. ಒಂದು ಪತ್ರಿಕೆಗೆ ಚಿತ್ರ ಕಳಿಸಿದಳು. ಇದು ಯಂತ್ರದ ಕೆಲಸ, ಇದಕ್ಕೆ ಕಲಾವಿದೆ ಅಂತ ಹೆಸರು ಹಾಕಲು ಬರುವುದಿಲ್ಲ ಅಂದರು. ಈಗ ಮೊಬೈಲಿಗೆ ಬಾಯಿಮಾತಿನಲ್ಲಿ ಹೇಳಿದರೂ ಅದೇ ಚಿತ್ರ ಬರೆದುಕೊಡುತ್ತದಂತೆ, ಇವಳದ್ದೂ ಹಾಗೆಯೇ ಅಂದುಕೊಂಡರೋ ಏನೋ. ಲೆಕ್ಕ ತನ್ನದು, ಬಣ್ಣ ಆರಿಸಿದ್ದು ತಾನು, ಒಂದೊಂದಕ್ಕೆ ವಾರಗಟ್ಟಲೆ ಕುಳಿತದ್ದು ತಾನು ಅಂತ ಬರೆದರೆ ಉತ್ತರ ಬರಲಿಲ್ಲ. ಇನ್ನೊಂದು ಪತ್ರಿಕೆಯವರು ಒಳ್ಳೆಯವರು. ಚಿತ್ರ ಚೆನ್ನಾಗಿದೆ, ಆದರೆ ಇದರಲ್ಲಿ ಏನಿದೆ ಅಂತ ನಮ್ಮ ಓದುಗರಿಗೆ ತಿಳಿಯುವುದಿಲ್ಲ ಅಂತ ಮರ್ಯಾದೆಯಿಂದ ತಿರುಗಿಸಿದರು.

ನನಗೆ ಬಹಳ ಸಿಟ್ಟು ಬಂತು. ನಾನು ಗಾಜು ಕೊಯ್ಯುವುದು ವಜ್ರದ ಕಡ್ಡಿಯಿಂದ. ಹಾಗಂತ ಕೊಯ್ದದ್ದು ವಜ್ರ, ನಾನಲ್ಲ ಅಂತ ಯಾರಾದರೂ ಅಂದಿದ್ದಾರೆಯೇ ಅಂತ ಮನೆಯಲ್ಲಿ ಕೂಗಾಡಿದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನಾಗಮ್ಮ ತಲೆ ಎತ್ತದೆ, "ಪೇಪರ್‌ನವ್ರಿಗಿ ಹೇಳ್ರಿ. ನಾ ಏನ್ ನಿಮ್ಮ ಚಿತ್ರಾ ತಿರಗಿಸೀನೇನು" ಅಂದಳು.

ಶರಣಮ್ಮ ಯಾದಗಿರಿಯ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಅವಳಪ್ಪ, ಅಂದರೆ ನನ್ನ ಮಗ ಮಲ್ಲಣ್ಣ, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ತೂಕ ನೋಡುವವನು. ಲಾರಿ ಬಂದರೆ ಒಮ್ಮೆ ತೂಗುತ್ತಾನೆ, ಖಾಲಿಯಾದ ಮೇಲೆ ಇನ್ನೊಮ್ಮೆ ತೂಗುತ್ತಾನೆ. ಮುಳ್ಳು ಏನು ಹೇಳುತ್ತದೋ ಅದೇ ಖರೆ, ಉಳಿದದ್ದೆಲ್ಲ ಮಾತು. ಕೆಟ್ಟವನಲ್ಲ. ಮಗಳಿಗೆ ಕಂಪ್ಯೂಟರು ಕೊಡಿಸಿದವನೂ ಅವನೇ. ಆದರೆ ಆ ಎರಡನೆಯ ಚಿತ್ರ ತಿರುಗಿ ಬಂದ ದಿನ ಅವಳನ್ನು ಕರೆದು, ಯಾರಿಗೂ ತಿಳಿಯದ ಕೆಲಸಕ್ಕೆ ಕಣ್ಣು ಕೆಡಿಸಿಕೊಳ್ಳುವುದು ಯಾತಕ್ಕೆ, ಓದು ಮುಗಿಸಿ ಬಿ.ಎಡ್. ಮಾಡು, ನಾಲ್ಕು ಮಕ್ಕಳಿಗೆ ಲೆಕ್ಕ ಕಲಿಸು, ಅದು ಎಲ್ಲರಿಗೂ ತಿಳಿಯುತ್ತದೆ ಅಂದ. ಅವಳು, "ಇನ್ನೊಂದು ಸಲ ಕಳಸ್ತೀನಪ್ಪಾ. ಅದೂ ತಿರಗಿ ಬಂದ್ರ ಬಿಡ್ತೀನಿ" ಅಂದಳು. ಮಾತು ಕೊಟ್ಟಳು. ಅವಳು ಮಾತು ಕೊಟ್ಟರೆ ಕೊಟ್ಟ ಹಾಗೆಯೇ, ಅದೂ ನನ್ನ ಅವ್ವನ ಗುಣ. ನನಗೆ ಆ ದಿನ ಊಟ ರುಚಿಸಲಿಲ್ಲ.

ಕಲಬುರಗಿಯ ಈ ಪತ್ರಿಕೆಯವರು ನಮ್ಮ ಕಡೆಯ ಕಲಾವಿದರ ವಿಶೇಷಾಂಕ ಮಾಡುತ್ತೇವೆ ಅಂತ ಹಾಕಿದ್ದರು. ಒಂದು ಷರತ್ತು: ಮೊಬೈಲಿನಲ್ಲಿ ಕಳಿಸಬಾರದು, ಕಾಗದದ ಮೇಲೆ ಇರಬೇಕು, ಕೈಯಲ್ಲಿ ಹಿಡಿದು ನೋಡಬೇಕು. ಶರಣಮ್ಮ ಯಾದಗಿರಿಯಲ್ಲಿ ಒಳ್ಳೆಯ ಕಾಗದದ ಮೇಲೆ ದೊಡ್ಡದೊಂದು ಪ್ರಿಂಟ್ ತೆಗೆಸಿದಳು. ಈ ಸಲ ಬಣ್ಣ ಇಲ್ಲ, ಬರೀ ಕಪ್ಪು ಬಿಳುಪು. ಕೊನೆಯ ದಿನ ಹತ್ತಿರ ಬಂದಿತ್ತು. ಮುಂಜಾನೆ ಬಸ್ಸಿಗೆ ಹೊತ್ತಾಗಿ ಓಡುತ್ತ ಬಂದು ಸುರುಳಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಇವತ್ತು ಸಂಜೆಯ ಕಲಬುರಗಿ ಬಸ್ಸಿಗೆ ಕೊಟ್ಟು ಕಳಿಸಬೇಕು, ರಟ್ಟಿಗೆ ಹಚ್ಚಿ ಸಿದ್ಧ ಮಾಡಿ ಇಡು ಅಂದವಳೇ ಓಡಿದಳು.

ನಾನು ಬಿಚ್ಚಿ ನೋಡಿದೆ. ಬಿಳಿಯ ಹಾಳೆಯ ನಡುವೆ ಕರ್ರಗೆ ಒಂದು ದೊಡ್ಡ ಆಕಾರ. ಗುಂಡನೆಯ ಹೊಟ್ಟೆ, ಅದಕ್ಕೆ ಅಂಟಿಕೊಂಡು ಗುಂಡನೆಯ ತಲೆ. ನಾಗಮ್ಮ ಇದನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ನೋಡಿದಾಗ ಬದನೆಕಾಯಿ ಅಂದಿದ್ದಳು, ಬದನೆಕಾಯಿ ಅಂತಲೇ ಇಟ್ಟುಕೊಳ್ಳಿ. ಅದರ ಸುತ್ತ ಬಿಡಿಬಿಡಿಯಾಗಿ ಅದೇ ಬದನೆಕಾಯಿ ಸಣ್ಣದಾಗಿ, ಇನ್ನೂ ದೂರದಲ್ಲಿ ಅದೇ ಮತ್ತೂ ಸಣ್ಣದಾಗಿ. ನಡುನಡುವೆ ಕೂದಲೆಳೆಯಂಥ ಕಪ್ಪು ಗೆರೆಗಳು.

ಇಲ್ಲಿ ನಮ್ಮ ಕಸುಬಿನ ಒಂದು ಸಂಗತಿ ಹೇಳಬೇಕು. ಫೋಟೋ ಸ್ಟುಡಿಯೋದವರು ತೀರಿಕೊಂಡವರ ಚಿತ್ರವನ್ನು ನಮಗೆ ಕಳಿಸುವಾಗ ಕಾಗದ ಉಳಿಸಲು ಒಂದೇ ದೊಡ್ಡ ಹಾಳೆಯಲ್ಲಿ ಒಂದೇ ಮುಖವನ್ನು ಬೇರೆ ಬೇರೆ ಸೈಜಿನಲ್ಲಿ ಹೊಂದಿಸಿ ತೆಗೆದಿರುತ್ತಾರೆ. ದೊಡ್ಡದು ಮನೆಯ ಗೋಡೆಗೆ, ನಡುವಿನವು ಕೊಟ್ಟ ಹೆಣ್ಣುಮಕ್ಕಳ ಮನೆಗೆ, ಸಣ್ಣವು ಪಾಕೀಟಿಗೆ ಮತ್ತು ಕಚೇರಿಯ ಕೆಲಸಕ್ಕೆ. ಅವನ್ನು ಬಿಡಿಸಿ ಕತ್ತರಿಸಿ, ಸೈಜಿನ ಪ್ರಕಾರ ಲಕೋಟೆಗೆ ಹಾಕಿ ಇಡುವುದು ಕಟ್ಟಿನವನ ಕೆಲಸ. ನನ್ನ ಆಯುಷ್ಯವೆಲ್ಲ ಇದರಲ್ಲೇ ಹೋಗಿದೆ. ಶರಣಮ್ಮನ ಹಾಳೆ ನೋಡಿದ ಕೂಡಲೇ ನನಗೆ ಹೆಮ್ಮೆಯಾಯಿತು. ಹುಡುಗಿ ಎಷ್ಟು ಜಾಣಿ, ಒಂದೇ ಹಾಳೆಯಲ್ಲಿ ಎಲ್ಲ ಸೈಜೂ ತೆಗೆಸಿದ್ದಾಳೆ, ಕಟ್ಟಿನವನ ಮೊಮ್ಮಗಳು ಅಂದರೆ ಹೀಗಿರಬೇಕು ಅಂದುಕೊಂಡೆ. ಕತ್ತರಿ ತೆಗೆದೆ.

ಎಂಥ ಕತ್ತರಿಸುವಿಕೆ ಅಂತೀರಿ. ಬದನೆಕಾಯಿಯ ಅಂಚಿಗೆ ಎಷ್ಟೋ ಸಣ್ಣ ಸಣ್ಣ ಉಬ್ಬುಗಳಿದ್ದವು, ಒಂದನ್ನೂ ಬಿಡದೆ ಸುತ್ತಿಕೊಂಡು ಬಂದೆ. ಕನ್ನಡಕ ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು, ಚಹಾ ಆರಲು ಬಿಟ್ಟು ಕತ್ತರಿಸಿದೆ. ದೊಡ್ಡದನ್ನು ದೊಡ್ಡ ಲಕೋಟೆಗೆ, ಸಣ್ಣವನ್ನು ಸಣ್ಣ ಲಕೋಟೆಗೆ ಹಾಕಿದೆ. ನಡುವಿನ ಕೂದಲೆಳೆ ಗೆರೆಗಳು ಪ್ರಿಂಟಿನ ಯಂತ್ರದಿಂದ ಸೋರಿದ ಮಸಿ ಅಂತ ತಿಳಿದು ಬುಟ್ಟಿಗೆ ಎಸೆದೆ.

ಮಧ್ಯಾಹ್ನ ದಾಟಿದ ಮೇಲೆ ಶರಣಮ್ಮ ಬಂದಳು. ನಾಗಮ್ಮನೂ ನನ್ನ ಊಟದ ಡಬ್ಬಿ ಒಯ್ಯಲು ಬಂದಿದ್ದಳು. ನಾನು ಲಕೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಶಭಾಷ್ ಅನ್ನುತ್ತಾಳೆ ಅಂತ ಕಾಯುತ್ತ ನಿಂತೆ.

"ಮುತ್ಯಾ, ಇವೇನು?"

"ನಿನ್ನವೇ. ಸೈಜ್ ಪರಕಾರ ಹಾಕೀನಿ ನೋಡಿಕೋ ಯವ್ವ."

ಅವಳು ಒಂದು ಲಕೋಟೆ ತೆರೆದಳು. ಇನ್ನೊಂದು ತೆರೆದಳು. ಕೊನೆಯದ್ದನ್ನು ಮೇಜಿನ ಮೇಲೆ ಸುರುವಿದಳು.

"ನಡುವ ಗೆರಿ ಇದ್ವಲ್ಲ, ಸಣ್ಣ ಸಣ್ಣ ಗೆರಿ. ಅವೆಲ್ಲಿ ಹೋದ್ವು?"

"ಆ ಮಸೀನಾ? ಎಲ್ಲಾ ತಗದು ಒಗದೀನಿ. ಯಾದಗಿರ್ಯಾಗಿನವ್ರ ಮಷೀನ್ ಸೋರಾಕತ್ತದ, ಅವ್ರಿಗಿ ಒಂದ್ ಮಾತ್ ಹೇಳು."

ಅವಳು ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು. "ಮುತ್ಯಾ, ಅದು ಮಸಿ ಅಲ್ಲ. ಅವು ಇದ್ದಿದ್ದಕ್ಕೇ ಇವೆಲ್ಲಾ ಒಂದಕ್ಕೊಂದು ಕೂಡಿದ್ವು. ಇಡೀದು ಸೇರಿ ಒಂದೇ ಚಿತ್ರ ಅದು."

ಯಾದಗಿರಿಗೆ ತಿರುಗಿ ಹೋಗಿ ಇನ್ನೊಂದು ಪ್ರಿಂಟ್ ತೆಗೆಸಲು ಹೊತ್ತಿರಲಿಲ್ಲ. ನಾಗಮ್ಮ ಡಬ್ಬಿಯನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಮಂದಿ ಒಪ್ಪಲಿಲ್ಲಂತ ಕೂಸು ಅಳಾಕತ್ತಿತ್ತು. ಮಂದಿಯರೆ ಇಡೀದು ತಿರಗಿ ಕಳಸ್ಯಾರ. ಮನ್ಯಾಗಿನವ್ರು ಕೊಯ್ದು ಲಕೋಟಿ ತುಂಬ್ಯಾರ" ಅಂದಳು.

ನಾನು ಬುಟ್ಟಿಯನ್ನು ನೆಲಕ್ಕೆ ಸುರುವಿ ಕುಳಿತೆ. ಗಾಜಿನ ಚೂರು, ಮೊಳೆ, ಯಾರದೋ ಫೋಟೋದ ಅಂಚು, ಇವುಗಳ ನಡುವಿನಿಂದ ಒಂದೊಂದೇ ಗೆರೆಯನ್ನು ಹೆಕ್ಕಿದೆ. ನಾಗಮ್ಮ ಬೈಯುವುದನ್ನು ನಿಲ್ಲಿಸದೆ ತಾನೂ ಹೆಕ್ಕಿದಳು. ನಾವು ಹೆಕ್ಕಿ ತಲೆ ಎತ್ತುವಷ್ಟರಲ್ಲಿ ಶರಣಮ್ಮ ಕಣ್ಣು ಒರೆಸಿಕೊಂಡು, ಮೇಜಿನ ಮೇಲೆ ತುಂಡುಗಳನ್ನು ಹರವುತ್ತಿದ್ದಳು. ದೊಡ್ಡದರ ಪಕ್ಕ ನಡುವಿನದು, ಅದರ ಪಕ್ಕ ಸಣ್ಣದು. ಒಂದನ್ನು ಸ್ವಲ್ಪ ತಿರುಗಿಸಿದಳು, ಇನ್ನೊಂದನ್ನು ಹತ್ತಿರ ಸರಿಸಿದಳು. ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ದನಿಯಲ್ಲಿ ಅಳು ಇರಲಿಲ್ಲ.

"ಮುತ್ಯಾ, ಕರೀ ರಟ್ಟು ಬ್ಯಾಡ. ಕೆಂಪಂದು ಕೊಡು. ಅಂಟೂ ಕೊಡು."

ಕೆಂಪು ರಟ್ಟಿನ ಮೇಲೆ ಅವಳು ಹೇಳಿದಲ್ಲಿ ನಾನು ಹಚ್ಚುತ್ತ ಹೋದೆ. ದೊಡ್ಡದರಿಂದ ಸಣ್ಣದರ ತನಕ ತುಂಡುಗಳು ಸುರುಳಿ ಸುತ್ತಿಕೊಂಡು ಹೋದವು. ನಡುವೆ ಬುಟ್ಟಿಯಿಂದ ಎದ್ದು ಬಂದ ಗೆರೆಗಳು. ಕತ್ತರಿ ಹೋದಲ್ಲೆಲ್ಲ ಕೆಂಪು ಕಾಣುತ್ತಿತ್ತು, ಅದನ್ನು ಮುಚ್ಚಲು ಅವಳು ಬಿಡಲಿಲ್ಲ. ಕಂಡಕ್ಟರು ಸೀಟಿ ಹೊಡೆಯುವ ಹೊತ್ತಿಗೆ ನಾನು ಏದುಸಿರು ಬಿಡುತ್ತ ಹೋಗಿ ಕಟ್ಟನ್ನು ಅವನ ಕೈಗೆ ಕೊಟ್ಟೆ. ಒಳಗೆ ಏನಿದೆ ಅಂತ ಕೇಳಿದ. ನನ್ನ ಮರ್ಯಾದೆ ಇದೆ, ನೆಟ್ಟಗೆ ಹಿಡಿ ಅಂದೆ.

ಆಮೇಲಿನ ದಿನಗಳಲ್ಲಿ ನನ್ನ ಸ್ಥಿತಿ ಹೇಳಬಾರದು. ಮಲ್ಲಣ್ಣನಿಗೆ ಸುದ್ದಿ ತಿಳಿದಾಗ ಅವನು ಬೈಯಲಿಲ್ಲ. ಇಡಿಯ ಚಿತ್ರವೇ ತಿರುಗಿ ಬಂದಿತ್ತು, ತುಂಡು ಮಾಡಿದ್ದನ್ನು ಯಾರು ತೆಗೆದುಕೊಳ್ಳುತ್ತಾರೆ ಅಂತ ಅಷ್ಟೇ ಅಂದ. ಬಿ.ಎಡ್. ಕಾಲೇಜು ಎಲ್ಲೆಲ್ಲಿ ಇವೆ ಅಂತ ವಿಚಾರಿಸತೊಡಗಿದ. ಶರಣಮ್ಮ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಪರೀಕ್ಷೆಗೆ ಓದುತ್ತಿದ್ದಳು. ಆ ಬಟ್ಟೆ ಕಂಡಾಗೊಮ್ಮೆ ನಾನು ಮುಖ ತಿರುಗಿಸಿಕೊಂಡು ಅಂಗಡಿಗೆ ಹೊರಟುಬಿಡುತ್ತಿದ್ದೆ. ಅಂಗಡಿಯಲ್ಲಿ ಕತ್ತರಿ ಮುಟ್ಟಲಿಕ್ಕೇ ಮನಸ್ಸಾಗುತ್ತಿರಲಿಲ್ಲ. ಬಂದ ಸ್ಟುಡಿಯೋ ಹಾಳೆಗಳನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ತೀರಿಕೊಂಡ ನಮ್ಮಪ್ಪನ ಫೋಟೋ ಇಡೀದು ಒಂದೇ ಚಿತ್ರವೋ ಬೇರೆ ಬೇರೆಯೋ ಅಂತ ಕೇಳುತ್ತಾನಲ್ಲ ಈ ಮುದುಕ ಅಂತ ಗಿರಾಕಿಗಳು ಕಕ್ಕಾಬಿಕ್ಕಿಯಾಗುತ್ತಿದ್ದರು. ಖಾಜಾಸಾಬ್ ಎದುರಿನಿಂದಲೇ, "ಮಾಮಾ, ನನ್ನ ಅಂಗಿ ಜರಾ ದೊಡ್ಡದಾಗ್ಯಾದ, ಬಾಜೂದವ್ರಿಗೂ ಎರಡು ಸೈಜ್ ತಗದು ಕೊಡು" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಶರಣಮ್ಮ ಅಂಗಡಿಯಲ್ಲಿ ಇದ್ದಾಗಲೇ ಫೋನು ಬಂತು. ಪತ್ರಿಕೆಯ ಸಂಪಾದಕಿಯವರು. ನನಗೂ ಕೇಳಲಿ ಅಂತ ಅವಳು ದನಿ ದೊಡ್ಡದು ಮಾಡಿ ಮೇಜಿನ ಮೇಲೆ ಇಟ್ಟಳು. ಅವರು ಮೊದಲು ಕೇಳಿದ್ದೇ, ಕತ್ತರಿಸಿದ್ದು ಯಾರು ಅಂತ. ನಾನು ದೇವರ ಗೋಡೆಯ ಕಡೆ ನೋಡಿದೆ. ಅಷ್ಟು ಮಂದಿ ದೇವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

"ನಮ್ಮ ಮುತ್ಯಾರಿ" ಅಂದಳು ಶರಣಮ್ಮ.

ಆ ಕಡೆ ನಗು ಕೇಳಿಸಿತು. ಇಂಥ ಚಿತ್ರಗಳನ್ನು ಮೊದಲೂ ನೋಡಿದ್ದೇವೆ, ಯಾರೂ ನಿಂತು ನೋಡಿರಲಿಲ್ಲ, ಈ ಸಲ ಕಟ್ಟು ಬಿಚ್ಚಿದ ಹುಡುಗನಿಂದ ಹಿಡಿದು ಅಚ್ಚಿನ ಮನೆಯವರ ತನಕ ಎಲ್ಲರೂ ಮೇಜಿನ ಸುತ್ತ ನಿಂತು, ಈ ತುಂಡು ಅದರದ್ದೇ, ಆ ತುಂಡು ಇದರದ್ದೇ ಅಂತ ಬೆರಳಿಟ್ಟು ಹೊಂದಿಸುತ್ತಿದ್ದಾರೆ ಅಂತ ಹೇಳಿದರು. ಇದನ್ನೇ ಮುಖಪುಟಕ್ಕೆ ಹಾಕುತ್ತೇವೆ, ಒಳಗೂ ಹಾಕುತ್ತೇವೆ, ಉಳಿದ ಚಿತ್ರಗಳನ್ನೂ ಹೀಗೇ ಕತ್ತರಿಸಿ ಕಳಿಸಿ ಅಂದರು.

ನಾನು ಆಗಲೇ ಕತ್ತರಿ ಎತ್ತಿಕೊಂಡಿದ್ದೆ. ಶರಣಮ್ಮ ಕೈ ಅಡ್ಡ ಹಿಡಿದಳು.

"ಇಲ್ರಿ ಮೇಡಂ. ಹೊರಗ ಕತ್ತರಿಸಿದ್ದು ಇರಲಿ. ಒಳಗ ಇಡೀದೇ ಬರ್ಬೇಕ್ರಿ. ಒಂದ್ಸಲ ತುಂಡು ನೋಡಿದವ್ರಿಗಿ ಇಡೀದೂ ಕಾಣಸ್ತದ. ಬರೀ ತುಂಡೇ ಹಾಕೂದಿದ್ರ ಬ್ಯಾಡ್ರಿ."

ಕೈಗೆ ಬಂದದ್ದನ್ನು ಬೇಡ ಅನ್ನುತ್ತಿದ್ದಾಳಲ್ಲ, ತಿರುಗಿ ಬಂದರೆ ಬಿಡುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟದ್ದು ಮರೆತಳೇ ಅಂತ ಅವಳ ಮುಖ ನೋಡಿದೆ. ಮರೆತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಆದರೂ ಕೈ ಅಡ್ಡ ಹಿಡಿದೇ ಇದ್ದಳು. ಸಂಪಾದಕಿಯವರು ಯಾರ ಜೊತೆಗೋ ಮಾತಾಡಿದರು, ಮತ್ತೆ ಬಂದರು. ಸರಿ, ಇಡೀದೇ ಬರಲಿ, ಪುಟ ಬಿಡುತ್ತೇವೆ ಅಂದರು. ಫೋನು ಇಟ್ಟ ಮೇಲೆ ಮುತ್ಯಾ ಮೊಮ್ಮಗಳು ಇಬ್ಬರೂ ಎಷ್ಟೋ ಹೊತ್ತು ಗಿರಾಕಿಗಳ ಬೆಂಚಿನ ಮೇಲೆ ಕುಳಿತುಬಿಟ್ಟೆವು. ಗಿರಾಕಿಯೊಬ್ಬ ಬಂದು, ಯಾರಾದರೂ ತೀರಿಕೊಂಡರೇ ಅಂತ ಕೇಳಿದ.

ಹಾಗೆ ಬಂದದ್ದು ಇವತ್ತಿನ ಈ ಪುಸ್ತಕ. ಕೆಂಪಿನ ಮೇಲೆ ಕಪ್ಪು ತುಂಡುಗಳು. ಒಳಪುಟದ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ, 'ಚಿತ್ರ: ಶರಣಮ್ಮ, ಕತ್ತರಿಸಿದವರು: ಕಲಾವಿದೆಯ ಮುತ್ಯಾ' ಅಂತ ಹಾಕಿದ್ದಾರೆ. ಆ ಸಾಲನ್ನು ನಾನು ಭೂತಗನ್ನಡಿ ಇಟ್ಟು ಓದಿದೆ, ಬರಿಗಣ್ಣಿನಿಂದ ಓದಿದೆ, ಮೂರನೆಯ ಸಲ ನಾಗಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊಯ್ದು ಹಾಕಿದವರ ಹೆಸರು ಹಾಕುವುದು ಪೊಲೀಸ್ ಠಾಣೆಯಲ್ಲಿ ಅಂತ ತಿಳಿದಿದ್ದೆ ಅಂದಳು. ಆದರೆ ಓದಿದ ಪುಟವನ್ನು ತನ್ನ ಸೆರಗಿನಿಂದ ಒರೆಸಿದಳು.

ಖಾಜಾಸಾಬ್ ಗಡಿಯಾರ ನೋಡುವ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊದಲು ಮುಖಪುಟ ನೋಡಿದ, ಬೆರಳಿಂದ ತುಂಡು ತುಂಡನ್ನೂ ಸವರಿದ. ಆಮೇಲೆ ಒಳಗಿನ ಇಡಿಯ ಚಿತ್ರಕ್ಕೆ ಬಂದ. ಹೂಕೋಸು ಅನ್ನಲಿಲ್ಲ. "ಅರೇ, ಇಲ್ಲೊಂದು ಅದ ಮಾಮಾ. ಇದರ ಬಾಜೂ ಇನ್ನೊಂದು ಅದ" ಅನ್ನುತ್ತ ಕುಳಿತ. ಗಡಿಯಾರ ಕೇಳಲು ಬಂದವರನ್ನು ಕೈಸನ್ನೆಯಿಂದಲೇ ತಡೆದು ನಿಲ್ಲಿಸಿದ. ಪುಸ್ತಕ ಬಿಡಿಸಿಕೊಳ್ಳಲು ನನಗೆ ಅರ್ಧ ತಾಸು ಹಿಡಿಯಿತು.

ಸಂಜೆ ಮಲ್ಲಣ್ಣ ಕಾರ್ಖಾನೆಯಿಂದ ಬಂದ. ತಲೆಯ ಮೇಲೆ ಹತ್ತಿಯ ನವಿರು ಹಾಗೆಯೇ ಇತ್ತು. ಲಾರಿಯವನೊಬ್ಬ ಮೊಬೈಲಿನಲ್ಲಿ ಮುಖಪುಟ ತೋರಿಸಿ, ಸಾಹೇಬರೇ, ನಿಮ್ಮ ಮಗಳದಂತೆ ಹೌದೇ ಅಂತ ಕೇಳಿದನಂತೆ. ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದ. ನಾಗಮ್ಮ ಮತ್ತು ಸೊಸೆ ಸುವರ್ಣಾ ಮಧ್ಯಾಹ್ನದಿಂದಲೇ ಹೋಳಿಗೆಗೆ ಕುಳಿತಿದ್ದರು. ಇವತ್ತು ಗಂಡಸರು ಮೊದಲು, ಹೆಂಗಸರು ಆಮೇಲೆ ಅನ್ನುವುದೆಲ್ಲ ಇಲ್ಲ ಅಂತ ನಾಗಮ್ಮ ಹುಕುಂ ಮಾಡಿದಳು. ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆ, ತುಪ್ಪ ಎಲ್ಲ ನಡುವೆ ಇಟ್ಟು ಐದು ಜನರೂ ಸುತ್ತ ಕುಳಿತೆವು. ತುಪ್ಪದ ಕೈಯಿಂದ ಯಾರೂ ಪುಸ್ತಕ ಮುಟ್ಟಬಾರದು ಅಂತ ಸುವರ್ಣಾ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಒಳಗಿನ ಇಡಿಯ ಚಿತ್ರದ ಪುಟ ತೆರೆದಿತ್ತು.

ಮಲ್ಲಣ್ಣ ಉಣ್ಣುತ್ತಲೇ ಅದನ್ನು ನೋಡುತ್ತಿದ್ದ. ಬಗ್ಗಿ ನೋಡಿದ, ಹಿಂದೆ ಸರಿದು ನೋಡಿದ. ದೊಡ್ಡದರಿಂದ ಸಣ್ಣದಕ್ಕೆ, ಸಣ್ಣದರಿಂದ ಚುಕ್ಕೆಯಷ್ಟಿದ್ದುದಕ್ಕೆ ಅವನ ಕಣ್ಣು ಹೋಗುವುದು ನನಗೆ ಕಾಣುತ್ತಿತ್ತು.

"ಇದು ಎಲ್ಲಿಗಿ ಮುಗೀತದ?" ಅಂತ ಮಗಳನ್ನು ಕೇಳಿದ.

"ಮುಗಿಯಂಗಿಲ್ಲಪ್ಪಾ. ಒಳಗ ಹೋದಷ್ಟೂ ಅದ."

ಅವನು ತುತ್ತು ನುಂಗಿದ. ನೀರು ಕುಡಿದ.

"ಮುಗಿಯಂಗಿಲ್ಲ ಅಂದ್ರ, ಬಿಡ್ತೀನಿ ಅಂತ ನನಗ ಹೆಂಗ ಮಾತು ಕೊಟ್ಟಿದ್ದಿ?"

ನಾನು ಏನೋ ಹೇಳಲು ಬಾಯಿ ತೆರೆದೆ, ನಾಗಮ್ಮ ಮೊಣಕೈಯಿಂದ ತಿವಿದಳು. ಮಲ್ಲಣ್ಣ ತನ್ನ ತಾಟಿನ ಹೋಳಿಗೆಯನ್ನು ಮುರಿದ. ತೂಕದವನ ಕೈ, ಯಾವಾಗಲೂ ಸಮ ಮುರಿಯುವ ಕೈ, ಇವತ್ತು ಒಂದು ಪಾಲು ದೊಡ್ಡದಾಯಿತು. ಅದನ್ನು ಮಗಳ ತಾಟಿಗೆ ಹಾಕಿದ.

"ಉಣ್ಣು. ನಾಳಿ ಕಂಪ್ಯೂಟರ್ ಮ್ಯಾಲಿನ ಅರಬಿ ತಗಿ" ಅಂದ.

ಸುವರ್ಣಾ ಎಲ್ಲರ ತಾಟಿಗೂ ತುಪ್ಪ ಸುರಿದಳು. ನಾಗಮ್ಮ ನನ್ನ ಹೋಳಿಗೆಯನ್ನು ಕಸಿದುಕೊಳ್ಳಲು ಕೈ ಚಾಚಿದವಳು, ಏನೋ ಅಂದುಕೊಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಶರಣಮ್ಮ ಅಪ್ಪ ಕೊಟ್ಟ ಪಾಲನ್ನೇ ಮೊದಲು ತಿಂದಳು.